ಕಾರ್ಖಾನೆಯಿಂದ ಹೆರಿಗೆ ಕೋಣೆಗೆ, ಅಲ್ಲಿಂದ ಹಳ್ಳಿಗೆ

ಹಳ್ಳಿಯಲ್ಲಿ ಬೆಳೆದವರು ನೀವಾಗಿದ್ದರೆ, ಗರ್ಭಿಣಿಯರು ಬೆಳಗಿನ ಮೊದಲ ಬಸ್ಸು ಹಿಡಿದು ‘ಸ್ಕ್ಯಾನಿಂಗ್’ಗೆಂದು ಪೇಟೆಗೆ ಹೊರಡುವುದನ್ನು ಕಂಡೇ ಇರುತ್ತೀರಿ. ತುಂಬು ಬಸುರಿ ಯಂತ್ರದ ಬಳಿಗೆ ಹೋಗುವ ಬದಲು ಯಂತ್ರವೇ ಅವಳ ಬಳಿಗೆ ಏಕೆ ಬರಬಾರದು? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿ ಶಾಸ್ತ್ರದ ಪ್ರಾಧ್ಯಾಪಕರಿದ್ದರು. ಸಮೀಪದ ಬಾಯ್ಲರ್ ಕಾರ್ಖಾನೆಯಲ್ಲಿ ಲೋಹದೊಳಗಿನ ಬಿರುಕನ್ನು ಪತ್ತೆಹಚ್ಚಲು ಶ್ರವಣಾತೀತ ಧ್ವನಿಯನ್ನು, ಎಂದರೆ ನಮ್ಮ ಕಿವಿಗೆ ಕೇಳಿಸದ ಧ್ವನಿಯನ್ನು, ಬಳಸುತ್ತಿದ್ದರು. 1955ರಲ್ಲಿ ಡೊನಾಲ್ಡರು ಶಸ್ತ್ರಕ್ರಿಯೆಯಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ತುಂಬಿಕೊಂಡು ಆ ಕಾರ್ಖಾನೆಗೇ ಹೋದರು! ಗಟ್ಟಿ ಗಡ್ಡೆಯಿಂದ ಬಂದ ಪ್ರತಿಧ್ವನಿಯೇ ಬೇರೆ, ನೀರು ತುಂಬಿದ ಗಡ್ಡೆಯದೇ ಬೇರೆ. ವೈದ್ಯ ಜಾನ್ ಮ್ಯಾಕ್‌ವಿಕಾರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಅವರೊಡನೆ ನಡೆಸಿದ ಈ ಕೆಲಸದ ವರದಿ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮುಂದೆ ಬಹುಕಾಲ ಈ ಯಂತ್ರ ದೊಡ್ಡ ಆಸ್ಪತ್ರೆಗಳನ್ನು ಬಿಟ್ಟು ಕದಲಲಿಲ್ಲ. ರಣರಂಗದ ಗಾಯಾಳುಗಳಿಗಾಗಿ ಹಗುರವಾದ ಯಂತ್ರ ಬೇಕೆಂದು ಅಮೆರಿಕದ ಸೇನೆ ಹಣ ಕೊಟ್ಟಿತು. ಅದರ ಫಲವಾಗಿ 1999ರಲ್ಲಿ ಕೈಯಲ್ಲಿ ಹಿಡಿದೊಯ್ಯುವ ಯಂತ್ರ ಮಾರುಕಟ್ಟೆಗೆ ಬಂತು. ಈಗಂತೂ ಮೊಬೈಲ್ ಫೋನಿಗೆ ಜೋಡಿಸುವಂಥವೂ ಇವೆ.

ಯಂತ್ರ ಹಗುರವಾಯಿತು, ಸರಿ. ನೋಡುವವರು ಯಾರು? ಕಾಂಗೋ, ಕೀನ್ಯಾ, ಜಾಂಬಿಯಾ, ಪಾಕಿಸ್ತಾನ ಮತ್ತು ಗ್ವಾಟೆಮಾಲಗಳ ಗ್ರಾಮೀಣ ಪ್ರದೇಶಗಳಲ್ಲಿ ದಾದಿಯರಿಗೂ ಸೂಲಗಿತ್ತಿಯರಿಗೂ ತರಬೇತಿ ಕೊಟ್ಟು ನೋಡಿದರು. ಅವಳಿ ಮಕ್ಕಳೇ, ಮಗು ಅಡ್ಡಲಾಗಿದೆಯೇ, ಮಾಸು ಗರ್ಭದ ಬಾಯಿಗೆ ಅಡ್ಡ ಬಂದಿದೆಯೇ ಎಂಬುದನ್ನು ಗುರುತಿಸಲು ಅವರು ಕಲಿತರು. ಆದರೆ 2018ರಲ್ಲಿ ಪ್ರಕಟವಾದ ಫಲಿತಾಂಶ ನಿರಾಸೆಯದು: ಆಸ್ಪತ್ರೆಯ ಹೆರಿಗೆಗಳು ಹೆಚ್ಚಲಿಲ್ಲ, ಸಾವುಗಳೂ ಕಡಿಮೆಯಾಗಲಿಲ್ಲ. ನನಗಿದು ಆಶ್ಚರ್ಯವೆನಿಸುವುದಿಲ್ಲ. ಮಾಸು ಅಡ್ಡವಿದೆಯೆಂದು ತಿಳಿದರಾಯಿತೇ? ರಸ್ತೆ ಬೇಕು, ವಾಹನ ಬೇಕು, ರಕ್ತ ಬೇಕು, ಶಸ್ತ್ರಕ್ರಿಯೆ ಮಾಡುವ ವೈದ್ಯರು ಬೇಕು.

ನಮ್ಮ ದೇಶದ ಕಥೆಗೆ ಇನ್ನೊಂದು ತಿರುವಿದೆ, ಹೇಳಲು ನಾಚಿಕೆಯಾಗುವಂಥದ್ದು. ತಾಯಿಯನ್ನು ಉಳಿಸಬೇಕಾದ ಯಂತ್ರದಿಂದ ನಾವು ಹೆಣ್ಣು ಭ್ರೂಣವನ್ನು ಹುಡುಕಿ ಕೊಂದೆವು. ಇದನ್ನು ತಡೆಯಲು 1994ರಲ್ಲಿ ಆದ ಕಾನೂನು 1996ರ ಜನವರಿ 1ರಂದು ಜಾರಿಗೆ ಬಂತು. ಆದರೂ ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 1991ರಲ್ಲಿ 945 ಇದ್ದ ಹೆಣ್ಣುಮಕ್ಕಳ ಸಂಖ್ಯೆ 2001ರಲ್ಲಿ 927ಕ್ಕೆ ಇಳಿಯಿತು. ಯಂತ್ರ ಹಗುರವಾದಷ್ಟೂ ಕಳ್ಳಕೆಲಸ ಸುಲಭ, ಅಲ್ಲವೇ? 2012ರ ನಿಯಮ ಅದಕ್ಕೊಂದು ಕಡಿವಾಣ ಹಾಕಿತು. ಹೊತ್ತೊಯ್ಯುವ ಯಂತ್ರವನ್ನು ಒಳರೋಗಿಗಳಿರುವ ನೋಂದಾಯಿತ ಆಸ್ಪತ್ರೆಯ ಆವರಣದೊಳಗೆ, ಇಲ್ಲವೇ ಬೇರೆ ಚಿಕಿತ್ಸೆಗಳನ್ನೂ ನೀಡುವ ಸಂಚಾರಿ ವೈದ್ಯಕೀಯ ಘಟಕದಲ್ಲಿ ಮಾತ್ರ ಬಳಸಬೇಕು. 2014ರ ನಿಯಮದಂತೆ ಎಂ.ಬಿ.ಬಿ.ಎಸ್. ವೈದ್ಯರಿಗೂ ಇದಕ್ಕೆ ಆರು ತಿಂಗಳ ತರಬೇತಿ ಬೇಕು. ಹೀಗಾಗಿ ಕೀನ್ಯಾದ ದಾದಿ ಮಾಡಿದ ಕೆಲಸವನ್ನು ನಮ್ಮ ಹಳ್ಳಿಯ ದಾದಿ ಮಾಡುವಂತಿಲ್ಲ.

ನಿಯಮ ಸಡಿಲಿಸಿ ಎನ್ನುವ ವೈದ್ಯರಿದ್ದಾರೆ. ಕೂಡದು ಎನ್ನುವ ಮಹಿಳಾ ಸಂಘಟನೆಗಳಿವೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಅವರ ವಾದ ತೀರುವ ತನಕ ಬಸುರಿಗೆ ಬೆಳಗಿನ ಮೊದಲ ಬಸ್ಸೇ ಗತಿ.