ತೀರ್ಪುಗಾರರಿಗೆ ಪರದೆ, ಬ್ಯಾಂಡಿಗೆ ನಂಬರ್: ಬ್ರಿಟನ್ನಿನ ಬ್ರಾಸ್ ಬ್ಯಾಂಡ್ ಸ್ಪರ್ಧೆ ನಡೆಯೋದು ಹೀಗೆ

ಮದುವೆ ದಿಬ್ಬಣ ಇರಲಿ, ಗಣಪತಿ ವಿಸರ್ಜನೆ ಇರಲಿ, ನಮ್ಮ ಕಡೆ ಬ್ಯಾಂಡ್‌ಸೆಟ್ ಇಲ್ಲದಿದ್ರೆ ಕಳೆ ಇಲ್ಲ. ಈ ಹಿತ್ತಾಳೆ ವಾದ್ಯಗಳು ನಮ್ಮ ದೇಶಕ್ಕೆ ಬಂದದ್ದು ಬ್ರಿಟಿಷರ ಸೇನಾ ಬ್ಯಾಂಡ್‌ಗಳ ಜೊತೆ. ಇಲ್ಲಿ ಅದು ಹೊಟ್ಟೆಪಾಡಿನ ಕಸುಬಾಯಿತು. ಬ್ರಿಟನ್ನಿನಲ್ಲಿ ಆದದ್ದೇ ಬೇರೆ. ಅಲ್ಲಿನ ಗಣಿ ಕಾರ್ಮಿಕರು, ಬಟ್ಟೆ ಗಿರಣಿಯವರು ಕೆಲಸ ಮುಗಿಸಿ ಸಂಜೆ ಹೊತ್ತು ಕಲಿತು, ಊರಿಗೊಂದು ಬ್ಯಾಂಡ್ ಕಟ್ಟಿ, ಪಕ್ಕದ ಊರಿನವರ ಮೇಲೆ ಪಂದ್ಯಕ್ಕೆ ಬಿದ್ದರು. ಆ ಪಂದ್ಯ 170 ವರ್ಷ ದಾಟಿ ಈಗಲೂ ನಡೀತಾ ಇದೆ. ನುಡಿಸುವವರಲ್ಲಿ ಬಹುತೇಕರು ಇವತ್ತಿಗೂ ಸಂಬಳ ಇಲ್ಲದ ಹವ್ಯಾಸಿಗಳೇ.

ಮೊದಲ ದೊಡ್ಡ ಸ್ಪರ್ಧೆ ನಡೆದದ್ದು 1853ರಲ್ಲಿ, ಮ್ಯಾಂಚೆಸ್ಟರ್ ನಗರದ ಬೆಲ್ ವ್ಯೂ ಎಂಬ ಮೃಗಾಲಯದ ತೋಟದಲ್ಲಿ. ಎಂಟು ಬ್ಯಾಂಡ್ ಬಂದಿದ್ದವು, ಗೆದ್ದದ್ದು ಮಾಸ್ಲಿ ಎಂಬ ಊರಿನ ಟೆಂಪರೆನ್ಸ್ ಬ್ಯಾಂಡ್. ಟೆಂಪರೆನ್ಸ್ ಅಂದ್ರೆ ಪಾನನಿಷೇಧ ಸಂಘದವರದು! ಈಗ ‘ಬ್ರಿಟಿಷ್ ಓಪನ್’ ಅಂತ ಕರೆಯುವ ಸ್ಪರ್ಧೆಯ ಮೂಲ ಇದೇ. ಇನ್ನೊಂದು ದೊಡ್ಡ ಸ್ಪರ್ಧೆ ‘ನ್ಯಾಷನಲ್ಸ್’. ಜಾನ್ ಹೆನ್ರಿ ಐಲ್ಸ್ ಎಂಬುವರು 1900ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಇದಕ್ಕೆ ಮರುಜೀವ ಕೊಟ್ಟರು. 1936ರಲ್ಲಿ ಆ ಗಾಜಿನ ಕಟ್ಟಡವೇ ಸುಟ್ಟುಹೋಯಿತು. 1945ರಿಂದ ಫೈನಲ್ ರಾಯಲ್ ಆಲ್ಬರ್ಟ್ ಹಾಲ್ ಸೇರಿತು.

ತಂಡದಲ್ಲಿ ಯಾರು ಯಾರು?

ಸ್ಪರ್ಧೆಯ ಬ್ಯಾಂಡ್ ಅಂದ್ರೆ ಊದುವವರು 25 ಜನ, ಜೊತೆಗೆ ತಾಳವಾದ್ಯದವರು. ಹತ್ತು ಕಾರ್ನೆಟ್ (ಅದರಲ್ಲಿ ಒಂದು ಚಿಕ್ಕದು, ಕೀರಲು ದನಿಯದು), ಒಂದು ಫ್ಲೂಗಲ್‌ಹಾರ್ನ್, ಮೂರು ಟೆನರ್ ಹಾರ್ನ್, ಎರಡು ಬ್ಯಾರಿಟೋನ್, ಎರಡು ಯೂಫೋನಿಯಂ, ಮೂರು ಟ್ರೊಂಬೋನ್, ನಾಲ್ಕು ಟ್ಯೂಬಾ. ನಮ್ಮ ಬ್ಯಾಂಡ್‌ಸೆಟ್‌ನಲ್ಲಿ ಕಾಣುವ ಕ್ಲಾರಿನೆಟ್, ಸ್ಯಾಕ್ಸೊಫೋನ್ ಇಲ್ಲಿಲ್ಲ. ಡ್ರಮ್ಮಿಗೂ 1960ರ ದಶಕದ ಕೊನೆಯವರೆಗೆ ದೊಡ್ಡ ಸ್ಪರ್ಧೆಗಳ ವೇದಿಕೆ ಮೇಲೆ ಜಾಗ ಇರಲಿಲ್ಲ ಅಂದ್ರೆ ನಂಬೋದು ಕಷ್ಟ.

ಇದರಲ್ಲಿ ಒಂದು ಜಾಣತನ ಇದೆ. ಬಾಸ್ ಟ್ರೊಂಬೋನ್ ಒಂದನ್ನು ಬಿಟ್ಟರೆ ಊದುವ ಎಲ್ಲ ವಾದ್ಯಗಳ ಸ್ವರಲಿಪಿಯನ್ನೂ ಒಂದೇ ರೀತಿಯಲ್ಲಿ ಬರೀತಾರೆ. ಕೀಲಿ ಒತ್ತುವ ವಾದ್ಯಗಳಿಗೆಲ್ಲ ಬೆರಳಾಟವೂ ಒಂದೇ. ಹಾಗಾಗಿ ಟ್ಯೂಬಾದವರು ಊರು ಬಿಟ್ಟು ಹೋದ್ರೆ ಕಾರ್ನೆಟ್ ಕಲಿತವರನ್ನೇ ಆ ಜಾಗಕ್ಕೆ ಕೂರಿಸಬಹುದು. ಶಾಲೆ ಕಾಣದ ಕಾರ್ಮಿಕರ ನಡುವೆ ಬ್ಯಾಂಡ್ ಬೇಗ ಹಬ್ಬಿದ್ದಕ್ಕೆ ಇದೂ ಒಂದು ಕಾರಣ. ವಾದ್ಯಗಳು ಹೆಚ್ಚಾಗಿ ಬ್ಯಾಂಡಿನ ಆಸ್ತಿ, ಕಲಿಯುವ ಮಕ್ಕಳಿಗೆ ಅವನ್ನೇ ಕೊಡ್ತಾರೆ.

ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ

ಮೊದಲ ಸ್ಪರ್ಧೆಯಲ್ಲಿ ಪ್ರತಿ ಬ್ಯಾಂಡೂ ತನಗೆ ಬರುವ ಕೃತಿಯನ್ನೇ ನುಡಿಸಿತ್ತು. ಹಾಗಾದ್ರೆ ಹೋಲಿಸೋದು ಹೇಗೆ? ಸುಲಭದ್ದನ್ನು ನೀಟಾಗಿ ನುಡಿಸಿದವರು ಹೆಚ್ಚೋ, ಕಷ್ಟದ್ದನ್ನು ಎಡವುತ್ತಾ ನುಡಿಸಿದವರು ಹೆಚ್ಚೋ? ಕೆಲವೇ ವರ್ಷಗಳಲ್ಲಿ ‘ಟೆಸ್ಟ್ ಪೀಸ್’ ಪದ್ಧತಿ ಬಂತು. ಎಲ್ಲರಿಗೂ ಒಂದೇ ಕೃತಿ. ಅದನ್ನು ತಿಂಗಳುಗಟ್ಟಲೆ ಮೊದಲೇ ಪ್ರಕಟಿಸ್ತಾರೆ. ವೇದಿಕೆ ಮೇಲೆ ಅದು ಮುಗಿಯೋಕೆ ಸುಮಾರು ಕಾಲು ಗಂಟೆ.

ಮೊದಮೊದಲು ಒಪೆರಾ ಹಾಡುಗಳ ತುಣುಕು ಪೋಣಿಸಿ ಕೊಡ್ತಿದ್ದರು. 1913ರಲ್ಲಿ ಪರ್ಸಿ ಫ್ಲೆಚರ್ ಅವರ ‘ಲೇಬರ್ ಆ್ಯಂಡ್ ಲವ್’ ಬಂತು. ಬ್ರಾಸ್ ಬ್ಯಾಂಡಿಗೆ ಅಂತಲೇ ಬರೆದ ಕೃತಿ ನ್ಯಾಷನಲ್ಸ್‌ನಲ್ಲಿ ಟೆಸ್ಟ್ ಪೀಸ್ ಆದದ್ದು ಅದೇ ಮೊದಲು. ಆಮೇಲೆ ದೊಡ್ಡ ದೊಡ್ಡವರೇ ಬರೆದರು: 1928ರಲ್ಲಿ ಗುಸ್ತಾವ್ ಹೋಲ್ಸ್ಟ್, 1930ರಲ್ಲಿ ಎಡ್ವರ್ಡ್ ಎಲ್ಗರ್, 1932ರಲ್ಲಿ ಜಾನ್ ಐರ್ಲೆಂಡ್. ಎಲ್ಗರ್ ತಮ್ಮ ‘ಸೆವೆರ್ನ್ ಸೂಟ್’ ಅನ್ನು ಅರ್ಪಿಸಿದ್ದು ನಾಟಕಕಾರ ಬರ್ನಾರ್ಡ್ ಶಾ ಅವರಿಗೆ. ದೇಶದ ಅತಿ ದೊಡ್ಡ ಸಂಗೀತಗಾರ ಬರೆದ ಹೊಸ ಕೃತಿಯನ್ನು ಮೊದಲು ನುಡಿಸಿದವರು ಕಾರ್ಖಾನೆ, ಗಣಿಯ ಬ್ಯಾಂಡಿನವರು.

ಟೆಸ್ಟ್ ಪೀಸ್ ಬರೆಯೋದು ಪ್ರಶ್ನೆಪತ್ರಿಕೆ ತಯಾರಿಸಿದ ಹಾಗೆ. ಕಾರ್ನೆಟ್ಟಿನವರ ಉಸಿರು ಕಟ್ಟಬೇಕು, ಟ್ಯೂಬಾದವರ ಬೆರಳು ಓಡಬೇಕು, ಟ್ರೊಂಬೋನಿನವರು ಒಂಟಿಯಾಗಿ ಮೆಲ್ಲಗೆ ಊದುವ ಒಂದು ಜಾಗ ಇರಬೇಕು. ಜೋರಾಗಿ ಊದೋದು ಯಾರಿಗೂ ಬರುತ್ತೆ. ಪಿಸುಮಾತಿನಷ್ಟು ಮೆಲ್ಲಗೆ, ಸ್ವರ ಒಡೆಯದ ಹಾಗೆ ಊದೋದರಲ್ಲೇ ಬ್ಯಾಂಡಿನ ತಾಕತ್ತು ಗೊತ್ತಾಗೋದು.

ಪರದೆ ಯಾಕೆ?

ನಮ್ಮಲ್ಲಿ ಭಜನೆ ಸ್ಪರ್ಧೆ, ಡೊಳ್ಳು ಕುಣಿತದ ಸ್ಪರ್ಧೆ ಅಂದ್ರೆ ತೀರ್ಪುಗಾರರು ಮುಂದಿನ ಸಾಲಿನಲ್ಲೇ ಕೂತಿರ್ತಾರೆ. ‘ಅವರು ಇಂಥ ಊರಿನ ಕಡೆಯವರು’ ಅಂತ ಗೊಣಗಾಟ ಆಮೇಲೆ ಇದ್ದದ್ದೇ. ಬ್ರಿಟನ್ನಿನವರು ಈ ಗೊಣಗಾಟಕ್ಕೆ ಕಂಡುಕೊಂಡ ಮದ್ದು ಪರದೆ. ಸಭಾಂಗಣದ ನಡುವೆ ಬಟ್ಟೆ ಮುಚ್ಚಿದ ಗುಡಾರದಂಥ ಒಂದು ಗೂಡು. ಮೊದಲ ಬ್ಯಾಂಡ್ ಬರುವ ಮುಂಚೆಯೇ ತೀರ್ಪುಗಾರರು ಒಳಗೆ ಹೋಗಬೇಕು. ದೊಡ್ಡ ಸ್ಪರ್ಧೆಯಲ್ಲಿ ಇಬ್ಬರು ಮೂವರು ಇರ್ತಾರೆ. ಕೊನೆಯ ಬ್ಯಾಂಡ್ ಮುಗಿಯುವವರೆಗೆ ಯಾರು ನುಡಿಸಿದರು ಅಂತ ಅವರಿಗೆ ಕಾಣಿಸಬಾರದು.

ನುಡಿಸುವ ಸರದಿಯನ್ನು ಅದೇ ದಿನ ಚೀಟಿ ಎತ್ತಿ ತೀರ್ಮಾನಿಸ್ತಾರೆ. ಒಂದನೇ ನಂಬರ್ ಚೀಟಿ ಬಂದ್ರೆ ಬ್ಯಾಂಡಿನವರ ಮುಖ ಸಪ್ಪೆ. ಮುಂದೆ ಇನ್ನೆಂಥವರು ಬರ್ತಾರೋ ಅಂತ ತೀರ್ಪುಗಾರರು ಮೊದಲನೆಯವರಿಗೆ ಕೈಬಿಗಿ ಹಿಡಿದು ಅಂಕ ಕೊಡ್ತಾರೆ ಅನ್ನೋ ನಂಬಿಕೆ ಹಳೆಯದು. ವೇದಿಕೆಗೆ ಹೋಗುವ ಮುಂಚೆ ವಾದಕರ ನೋಂದಣಿ ಪರೀಕ್ಷೆ ಮಾಡ್ತಾರೆ. ಬೇರೆ ಬ್ಯಾಂಡಿನ ಹುಲಿಯನ್ನು ಒಂದು ದಿನದ ಮಟ್ಟಿಗೆ ಕರೆತಂದು ನುಡಿಸುವ ಹಳೇ ಚಾಳಿ ತಡೆಯೋಕೆ ಈ ನಿಯಮ. ಆಮೇಲೆ ಹೆಸರು ಹೇಳೋ ಹಾಗಿಲ್ಲ, ಬರೀ ನಂಬರ್. ಒಳಗಿಂದ ಸಿಳ್ಳೆಯೋ ಗಂಟೆಯೋ ಕೇಳಿದ ಮೇಲೆ ನಿರ್ದೇಶಕರು ಕೋಲು ಎತ್ತಬೇಕು.

ತೀರ್ಪುಗಾರರು ಬರೀ ಅಂಕ ಹಾಕಿ ಸುಮ್ಮನಾಗಲ್ಲ. ಎಲ್ಲಿ ಶ್ರುತಿ ಜಾರಿತು, ಎಲ್ಲಿ ಹೊಂದಾಣಿಕೆ ತಪ್ಪಿತು ಅಂತ ಪ್ರತಿ ಬ್ಯಾಂಡಿಗೂ ಬರೆದು ಕೊಡ್ತಾರೆ. ಸೋತವರು ಬಸ್ಸಿನಲ್ಲಿ ವಾಪಸ್ ಹೋಗುವಾಗ ಓದೋದು ಆ ಹಾಳೆಯನ್ನೇ.

ಪರದೆ ಬಂದರೂ ಜಗಳ ನಿಂತಿಲ್ಲ. ಹೆಸರಾಂತ ಬ್ಯಾಂಡಿನ ದನಿಯನ್ನು ಪಳಗಿದ ಕಿವಿ ಪರದೆಯಾಚೆಗೂ ಗುರುತು ಹಿಡಿಯುತ್ತೆ ಅನ್ನೋದು ಒಂದು ವಾದ. ಕಷ್ಟದ ಭಾಗವನ್ನು ಬೇರೆಯವರ ಕೈಲಿ ನುಡಿಸಿದ್ರೆ ಒಳಗಿದ್ದವರಿಗೆ ಹೇಗೆ ಗೊತ್ತಾಗಬೇಕು ಅನ್ನೋದು ಇನ್ನೊಂದು. ಪರದೆ ತೆಗೆಯಿರಿ ಅನ್ನುವವರ ಮಾತಿನಲ್ಲೂ ಹುರುಳಿದೆ. ಆದ್ರೆ ಪರದೆ ಕಾಯೋದು ತೀರ್ಪುಗಾರರ ಮರ್ಯಾದೆಯನ್ನೂ ಹೌದು. ಅವರಲ್ಲಿ ಅನೇಕರು ಇದೇ ಬ್ಯಾಂಡ್‌ಗಳ ಹಳೇ ವಾದಕರು, ನಿರ್ದೇಶಕರು. ಎದುರು ಕೂತು ಅಂಕ ಕೊಟ್ಟರೆ ಯಾರು ಸುಮ್ಮನಿರ್ತಾರೆ?

ಇನ್ನೊಂದು ವಿಚಿತ್ರ ನಿಯಮ ಹಿಂದೆ ಇತ್ತು: ಹ್ಯಾಟ್ರಿಕ್ ಹೊಡೆದವರು ಮುಂದಿನ ವರ್ಷ ಹೊರಗಿರಬೇಕು. ಫೋಡೆನ್ಸ್ ಬ್ಯಾಂಡ್ 1932ರಿಂದ 1934ರವರೆಗೆ ನ್ಯಾಷನಲ್ಸ್ ಗೆದ್ದು, 1935ರಲ್ಲಿ ಹೊರಗೆ ಕೂತು, 1936ರಿಂದ ಮತ್ತೆ ಮೂರು ಸಲ ಗೆದ್ದಿತು.

ಕಾಲು ಗಂಟೆಯ ಮೇಲೆ ಊರಿನ ಬ್ಯಾಂಡು

ಬ್ಯಾಂಡ್‌ಗಳಲ್ಲಿ ಐದು ದರ್ಜೆ: ಮೇಲೆ ಚಾಂಪಿಯನ್‌ಶಿಪ್, ಕೆಳಗೆ ಒಂದರಿಂದ ನಾಲ್ಕು. ಎಂಟು ಪ್ರಾಂತ್ಯಗಳಲ್ಲಿ ವಸಂತದ ಹೊತ್ತಿಗೆ ಸ್ಪರ್ಧೆ. ಗೆದ್ದವರು ಫೈನಲ್‌ಗೆ ಹೋಗ್ತಾರೆ. ಕೆಲವು ವರ್ಷಗಳ ಸ್ಥಾನ ಕೂಡಿ ನೋಡಿ ಬಡ್ತಿ, ಹಿಂಬಡ್ತಿ. ಹಿಂಬಡ್ತಿ ಅಂದ್ರೆ ಬರೀ ಬೇಜಾರಲ್ಲ. ಒಳ್ಳೆ ವಾದಕರು ಮೇಲಿನ ದರ್ಜೆಯ ಬ್ಯಾಂಡ್ ಹುಡುಕಿ ಹೋಗ್ತಾರೆ, ನಾಲ್ಕು ಕುರ್ಚಿ ಖಾಲಿಯಾದ್ರೆ ಸಣ್ಣ ಊರಿನ ಬ್ಯಾಂಡ್ ಎದ್ದು ನಿಲ್ಲೋದೇ ಕಷ್ಟ.

ಗ್ರೈಮ್‌ಥಾರ್ಪ್ ಕಥೆ ಇಲ್ಲಿ ಹೇಳಲೇಬೇಕು. ಯಾರ್ಕ್‌ಷೈರ್‌ನ ಈ ಕಲ್ಲಿದ್ದಲು ಊರಿನ ಬ್ಯಾಂಡ್ ಹುಟ್ಟಿದ್ದು 1917ರಲ್ಲಿ. 1992ರ ಅಕ್ಟೋಬರ್‌ನಲ್ಲಿ ಗಣಿಗಳನ್ನು ಮುಚ್ಚುವ ಪಟ್ಟಿ ಸರ್ಕಾರದಿಂದ ಬಂತು. ಅದರಲ್ಲಿ ಗ್ರೈಮ್‌ಥಾರ್ಪ್ ಹೆಸರೂ ಇತ್ತು. ಅದಾಗಿ ಕೆಲವೇ ದಿನಕ್ಕೆ ಅದೇ ಬ್ಯಾಂಡ್ ಆಲ್ಬರ್ಟ್ ಹಾಲ್‌ನಲ್ಲಿ ನ್ಯಾಷನಲ್ಸ್ ಗೆದ್ದಿತು. ಪರದೆಯೊಳಗೆ ಕೂತವರಿಗೆ ಅದು ಬರೀ ಒಂದು ನಂಬರ್. 1993ರಲ್ಲಿ ಗಣಿ ಮುಚ್ಚಿತು, ಬ್ಯಾಂಡ್ ಉಳಿಯಿತು. 1996ರ ‘ಬ್ರಾಸ್ಡ್ ಆಫ್’ ಸಿನಿಮಾಕ್ಕೆ ಪ್ರೇರಣೆ ಈ ಊರೇ, ಅದರಲ್ಲಿ ಕೇಳುವ ವಾದ್ಯದ ದನಿಯೂ ಇದೇ ಬ್ಯಾಂಡಿನದು.

ಒಂದು ರಾತ್ರಿ, ಹತ್ತಾರು ಹಳ್ಳಿ

ದೊಡ್ಡ ಹಾಲ್‌ಗಳ ಬಿಗುವು ಬೇಡ ಅನ್ನುವವರಿಗೆ ‘ವಿಟ್ ಫ್ರೈಡೆ’ ಇದೆ. ಈಸ್ಟರ್ ಆಗಿ ಏಳು ವಾರದ ನಂತರ ಬರುವ ಪೆಂತಕೋಸ್ತ್ ಹಬ್ಬದ ಮುಂದಿನ ಶುಕ್ರವಾರ, ಮ್ಯಾಂಚೆಸ್ಟರ್ ಪಕ್ಕದ ಸ್ಯಾಡಲ್‌ವರ್ತ್, ಟೇಮ್‌ಸೈಡ್ ಹಳ್ಳಿಗಳಲ್ಲಿ ಸಂಜೆಯಿಂದ ರಾತ್ರಿಯವರೆಗೆ ಮಾರ್ಚ್ ಸ್ಪರ್ಧೆ. 1884ರಿಂದ ಬಂದ ರೂಢಿ. ಪ್ರತಿ ಹಳ್ಳಿಗೂ ಅದರದೇ ಸಮಿತಿ, ಅದರದೇ ಬಹುಮಾನ. ಬ್ಯಾಂಡಿನವರು ಬಸ್ಸಿನಿಂದ ಇಳಿದು, ಬೀದಿಯಲ್ಲಿ ಒಂದು ಮಾರ್ಚ್ ನುಡಿಸುತ್ತಾ ನಡೆದು, ನಿಂತು ಇನ್ನೊಂದು ನುಡಿಸಿ, ಮತ್ತೆ ಬಸ್ ಹತ್ತಿ ಮುಂದಿನ ಹಳ್ಳಿಗೆ ಓಡ್ತಾರೆ. ಒಂದೇ ರಾತ್ರಿ ಎಷ್ಟು ಹಳ್ಳಿ ಮುಟ್ಟಿದರೆ ಅಷ್ಟು ಬಹುಮಾನಕ್ಕೆ ಅವಕಾಶ. ಚಾಂಪಿಯನ್ ಬ್ಯಾಂಡಿನ ಹಿಂದೆಯೇ ವೇಷ ಹಾಕಿದ ಕಾಲೇಜು ಹುಡುಗರ ತಂಡವೂ ಸಾಲಿನಲ್ಲಿ ನಿಂತಿರುತ್ತೆ. ತೀರ್ಪುಗಾರರು ಮಾತ್ರ ಇಲ್ಲೂ ಕಣ್ಣಿಗೆ ಬೀಳಲ್ಲ: ಯಾರದೋ ಮನೆಯ ಮಹಡಿಯಲ್ಲೋ, ನಿಲ್ಲಿಸಿದ ಕ್ಯಾರವಾನ್ ಗಾಡಿಯಲ್ಲೋ, ಕಿಟಕಿಗೆ ಪರದೆ ಎಳೆದು ಕೂತಿರ್ತಾರೆ.