ಟಾರ್ಪಾಲಿನ ಮೇಲೆ ಹಿಮ
ಮಳೆ ಬಂದಾಗ ಕ್ರಿಕೆಟ್ ಅಂಗಳಕ್ಕೆ ಟಾರ್ಪಾಲು ಹೊದಿಸುವುದನ್ನು ನೋಡಿದ್ದೀರಿ. ಅದರ ಮೇಲೆ ಹಿಮ ಬಿದ್ದರೆ? 1948ರ ಡಿಸೆಂಬರ್ 19ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹಾಗೆಯೇ ಆಯಿತು. ಅಂದು ಶೈಬ್ ಪಾರ್ಕಿನಲ್ಲಿ ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯ. ಊರಿನ ಈಗಲ್ಸ್ ತಂಡ ಹಿಂದಿನ ವರ್ಷ ಇದೇ ಷಿಕಾಗೊ ಕಾರ್ಡಿನಲ್ಸ್‌ಗೆ ಸೋತಿತ್ತು. ಪಂದ್ಯ ನಡೆಯಲಾರದೆಂದು ಸ್ಟೀವ್ ವ್ಯಾನ್ ಬ್ಯುರೆನ್ ಮನೆಯಲ್ಲೇ ಉಳಿದಿದ್ದರು. ಕರೆ ಬಂದಮೇಲೆ ಹೊರಟರು.

ಹಿಮವೆಂದರೆ ಹಗುರವೆಂದುಕೊಳ್ಳಬೇಡಿ. ಘನಮೀಟರಿಗೆ 100 ಕಿಲೊ ಎಂದಿಟ್ಟುಕೊಂಡರೂ, 5,000 ಚದರ ಮೀಟರ್ ಅಂಗಳದಲ್ಲಿ 10 ಸೆಂಟಿಮೀಟರ್ ಬಿದ್ದರೆ 50 ಟನ್! ಸಿಬ್ಬಂದಿಯಿಂದ ಟಾರ್ಪಾಲು ಕದಲಲಿಲ್ಲ. ಕಡೆಗೆ ಎರಡೂ ತಂಡಗಳ ಆಟಗಾರರೇ ಕೈಹಾಕಿ ಎಳೆದರು. ಹಿಮ ನಿಲ್ಲಲಿಲ್ಲ, ಗೆರೆಗಳೆಲ್ಲ ಮತ್ತೆ ಮುಚ್ಚಿಹೋದವು. ಕೊನೆಯ ಕಾಲುಭಾಗದಲ್ಲಿ ವ್ಯಾನ್ ಬ್ಯುರೆನ್ ಚೆಂಡನ್ನು ಗಡಿ ದಾಟಿಸಿದರು. ಈಗಲ್ಸ್ 7–0ಯಿಂದ ಗೆದ್ದಿತು. ಪಂದ್ಯ ಟೆಲಿವಿಷನ್ನಿನಲ್ಲೂ ಪ್ರಸಾರವಾಗಿತ್ತು. ಕಪ್ಪುಬಿಳುಪು ತೆರೆಯ ಮೇಲೆ ಬೆಳ್ಳನೆಯ ಅಂಗಳ! ಆ ಕ್ಯಾಮರಾದವರ ಪಾಡು ನನ್ನಂಥವರಿಗೆ ಚೆನ್ನಾಗಿ ಅರ್ಥವಾಗುತ್ತದೆ.