ಎರಡು ತಲಕಟ್ಟು, ಒಂದು ಗ್ರೂಪ್: ಹಿಂದೂಪುರ–ಕಲ್ಯಾಣದುರ್ಗ ಗಡಿಯ ಸಿನಿಮಾ ಅಭಿಮಾನ

ಕಂಪ್ಯೂಟರು, ಮೊಬೈಲುಗಳು ಅಕ್ಷರ ಗುರುತಿಸಲು ಬಳಸುವ ಯೂನಿಕೋಡ್ ಪಟ್ಟಿಯಲ್ಲಿ ತೆಲುಗು ಮತ್ತು ಕನ್ನಡ ಅಕ್ಕಪಕ್ಕದ ಮನೆಯವು. ತೆಲುಗಿನ 128 ಸ್ಥಾನಗಳು ಮುಗಿದ ಮರುಸ್ಥಾನದಿಂದಲೇ ಕನ್ನಡದ 128 ಸ್ಥಾನಗಳು ಶುರು. ನಡುವೆ ಬೇಲಿಗೂ ಜಾಗವಿಲ್ಲ. ನೆಲದ ಮೇಲೂ ಹಾಗೆಯೇ. ಬೆಂಗಳೂರಿನಿಂದ ಗುಂತಕಲ್ಲಿಗೆ ಹೋಗುವ ರೈಲು ಗೌರಿಬಿದನೂರು ದಾಟಿದರೆ ಮುಂದಿನ ದೊಡ್ಡ ಊರು ಆಂಧ್ರದ ಹಿಂದೂಪುರ. ಅಂಗಡಿಯ ಬೋರ್ಡುಗಳಲ್ಲಿ ತಲಕಟ್ಟು ಮೇಷ್ಟರು ಹಾಕಿದ ‘ರೈಟ್’ ಗುರುತಿನಂತೆ ಬಾಗಿರುತ್ತದೆ. ಕಿವಿಗೆ ಬೀಳುವ ಮಾತು ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ.

ಪಾವಗಡ, ಚಳ್ಳಕೆರೆಯ ಕಡೆಗೆ ಮುಖ ಮಾಡಿರುವ ಕಲ್ಯಾಣದುರ್ಗದ್ದೂ ಇದೇ ಕಥೆ. 1953ರಲ್ಲಿ ಆಂಧ್ರ ರಾಜ್ಯವಾದಾಗ, 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಎಳೆದ ಗೆರೆ ಮನೆಮಾತನ್ನು ಕೇಳಿಕೊಂಡು ಹೋಗಲಿಲ್ಲ. ಈ ಭಾಗದ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಓದು ತೆಲುಗು. ಮಡಕಶಿರಾ ಕಡೆಯಂತೆ ಕನ್ನಡ ಶಾಲೆ ಸಿಕ್ಕವರ ಮಾತು ಬೇರೆ. ಉಳಿದವರಿಗೆ ಕನ್ನಡ ಕಿವಿಯ ಭಾಷೆ, ತೆಲುಗು ಕೈಯ ಭಾಷೆ. ಅಂಥವರು ಅಭಿಮಾನಿಗಳಾಗಿ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿದಾಗ ಏನಾಗುತ್ತದೆ? ಗ್ರೂಪ್ ಚಾಟ್ ಬಗೆಗಿನ ಚರ್ಚೆಗಳು ಬಹುಮಟ್ಟಿಗೆ ವೇಗ, ವದಂತಿ, ಜಗಳಗಳ ಸುತ್ತಲೇ ತಿರುಗುತ್ತವೆ. ಗಡಿಯಲ್ಲಿ ನಿಂತು ನೋಡಿದರೆ ಅದಕ್ಕೂ ಮೊದಲಿನ ಪ್ರಶ್ನೆಯೊಂದು ಕಾಣುತ್ತದೆ: ಯಾವ ವೇದಿಕೆ ಯಾರ ಮಾತಿಗೆ ಜಾಗ ಕೊಡುತ್ತದೆ, ಯಾವ ರೂಪದಲ್ಲಿ ಕೊಡುತ್ತದೆ?

ಹಿಂದೂಪುರಕ್ಕೆ ಅಭಿಮಾನಿ ಸಂಘ ಹೊಸದಲ್ಲ. ಎನ್.ಟಿ. ರಾಮರಾವ್ 1985, 1989, 1994ರಲ್ಲಿ ಇಲ್ಲಿಂದಲೇ ಗೆದ್ದರು. 1989ರಲ್ಲಿ ಕಲ್ವಕುರ್ತಿಯಲ್ಲಿ ಸೋತಾಗ ಕೈಹಿಡಿದದ್ದೂ ಈ ಊರೇ. ಅವರು ತೀರಿಕೊಂಡ ಮೇಲೆ 1996ರ ಉಪಚುನಾವಣೆಯಲ್ಲಿ ಮಗ ಹರಿಕೃಷ್ಣ ಗೆದ್ದರು. 2014, 2019, 2024ರಲ್ಲಿ ಇನ್ನೊಬ್ಬ ಮಗ ಬಾಲಕೃಷ್ಣ. ಥಿಯೇಟರಿನ ಶಿಳ್ಳೆ ಮತಗಟ್ಟೆಯವರೆಗೆ ಕೇಳಿಸುವ ಊರು ಇದು. ತೆಲುಗು ನಟರ ಅಭಿಮಾನಿ ಸಂಘಗಳನ್ನು ಅಧ್ಯಯನ ಮಾಡಿದ ಎಸ್.ವಿ. ಶ್ರೀನಿವಾಸ್ ಚಿರಂಜೀವಿ ಕುರಿತ 2009ರ ಪುಸ್ತಕದಲ್ಲೂ, ಎಂ. ಮಾಧವ ಪ್ರಸಾದ್ ದಕ್ಷಿಣದ ತಾರಾ ರಾಜಕಾರಣ ಕುರಿತ 2014ರ ಪುಸ್ತಕದಲ್ಲೂ ಅಭಿಮಾನವನ್ನು ಹುಚ್ಚು ಎಂದು ತಳ್ಳಿಹಾಕದೆ ಒಂದು ಸಾಮಾಜಿಕ ನಡವಳಿಕೆಯಾಗಿ ಓದಿದ್ದಾರೆ. ಕನ್ನಡದಲ್ಲಿ ಇದರ ಜೋಡಿ ಸುಲಭವಾಗಿ ಸಿಗುತ್ತದೆ. ರಾಮರಾವ್ ಪಕ್ಷ ಕಟ್ಟಿದ 1982ರಲ್ಲೇ ರಾಜ್‌ಕುಮಾರ್ ಗೋಕಾಕ್ ಚಳವಳಿಗೆ ಇಳಿದರು. ಒಬ್ಬರ ಅಭಿಮಾನಿಗಳು ಕಾರ್ಯಕರ್ತರಾದರು, ಇನ್ನೊಬ್ಬರ ಅಭಿಮಾನಿಗಳು ಭಾಷೆಯ ಕಾವಲಿಗೆ ನಿಂತರು.

ಗಡಿಯವರಿಗೆ ಇವರಿಬ್ಬರಲ್ಲಿ ಒಬ್ಬರನ್ನೇ ಆರಿಸಿಕೊಳ್ಳುವ ಕಷ್ಟವೇನಿಲ್ಲ. ಚಿತ್ರರಂಗವೇ ಆ ದಾರಿ ಸುಗಮ ಮಾಡಿಟ್ಟಿದೆ. ಪುನೀತ್ ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಅಪ್ಪು’ (2002) ನಿರ್ದೇಶಿಸಿದವರು ತೆಲುಗಿನ ಪುರಿ ಜಗನ್ನಾಥ್. ಅದೇ ವರ್ಷ ಅದನ್ನೇ ತೆಲುಗಿನಲ್ಲಿ ‘ಈಡಿಯಟ್’ ಎಂದು ಮಾಡಿದರು. (ಹೆಸರು ಬದಲಿಸಿದ್ದು ಒಳ್ಳೆಯದೇ ಆಯಿತು: ತೆಲುಗಿನಲ್ಲಿ ಅಪ್ಪು ಎಂದರೆ ಸಾಲ.) 2016ರ ‘ಚಕ್ರವ್ಯೂಹ’ದಲ್ಲಿ ಪುನೀತ್‌ಗಾಗಿ ಜೂನಿಯರ್ ಎನ್‌ಟಿಆರ್ ಕನ್ನಡ ಹಾಡು ಹಾಡಿದರು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಕಂಠೀರವ ಕ್ರೀಡಾಂಗಣಕ್ಕೆ ಬಂದು ಕಣ್ಣೀರಿಟ್ಟವರಲ್ಲಿ ಹಿಂದೂಪುರದ ಶಾಸಕರೂ ಇದ್ದರು. ‘ಆರ್‌ಆರ್‌ಆರ್’ ಬಿಡುಗಡೆಗೆ ಮುಂಚಿನ ದೊಡ್ಡ ಸಮಾರಂಭ 2022ರ ಮಾರ್ಚ್ 19ರಂದು ನಡೆದದ್ದು ಚಿಕ್ಕಬಳ್ಳಾಪುರದಲ್ಲಿ. ‘ಜೈ ಬಾಲಯ್ಯ’ ಎಂದವನೇ ಅಪ್ಪು ಫೋಟೋವನ್ನು ಡಿಪಿ ಮಾಡಿಕೊಂಡರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.

ಆನ್‌ಲೈನ್ ಅಭಿಮಾನದ ಮೊದಲ ತಲೆಮಾರಿಗೆ ಈ ಊರುಗಳು ಬಹುತೇಕ ಹೊರಗಿದ್ದವು. ಎ.ಆರ್. ರೆಹಮಾನ್ ಅಭಿಮಾನಿಗಳ ಯಾಹೂ ಗ್ರೂಪನ್ನು ಅಧ್ಯಯನ ಮಾಡಿದ ಅಶ್ವಿನ್ ಪುನಾತಂಬೇಕರ್ 2007ರಲ್ಲಿ ಒಂದು ಮುಖ್ಯ ಮಾತು ಎತ್ತಿದ್ದರು: ಭಾರತದ ಅಭಿಮಾನಿಯನ್ನು ಒಂದೋ ರೌಡಿ ಇಲ್ಲವೇ ರಸಿಕ ಎಂದೇ ನೋಡುವ ರೂಢಿ ಸಾಲದು. ಆದರೆ ಆ ಕಾಲದ ಗ್ರೂಪುಗಳಿಗೆ ಕಂಪ್ಯೂಟರ್ ಬೇಕು, ಇಂಗ್ಲಿಷ್ ಬೇಕು. ಹಿಂದೂಪುರದ ಹುಡುಗನಿಗೆ ಬಾಗಿಲು ತೆರೆದದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ. 2018ರಲ್ಲಿ ಗುಂಡಿ ಒತ್ತುವ ಜಿಯೋಫೋನಿಗೂ ವಾಟ್ಸಾಪ್ ಬಂತು. 2021ರಲ್ಲಿ ಕೇಂದ್ರ ಸರ್ಕಾರ ಕೊಟ್ಟ ಲೆಕ್ಕದಂತೆ ದೇಶದ ವಾಟ್ಸಾಪ್ ಬಳಕೆದಾರರು 53 ಕೋಟಿ. ವೇದಿಕೆಯ ಆಯ್ಕೆ ಅಲ್ಲಿಗೇ ಮುಕ್ಕಾಲು ಮುಗಿದಿತ್ತು. ಎಲ್ಲರೂ ಎಲ್ಲಿದ್ದಾರೋ ಅಲ್ಲಿಗೇ ಅಭಿಮಾನಿಯೂ ಹೋಗುತ್ತಾನೆ.

ಹಾಗೆಂದು ವಾಟ್ಸಾಪ್ ಅಭಿಮಾನಿಗಳಿಗೆಂದು ಕಟ್ಟಿದ ಮನೆಯಲ್ಲ. ಬಹುಕಾಲ ಒಂದು ಗ್ರೂಪಿನಲ್ಲಿ 256 ಜನಕ್ಕಷ್ಟೇ ಜಾಗವಿತ್ತು. 2022ರಲ್ಲಿ ಅದು 512 ಆಗಿ, ವರ್ಷದ ಕೊನೆಗೆ 1024 ಆಯಿತು. ಅಲ್ಲಿಯವರೆಗೆ ‘ಗ್ರೂಪ್ 1’, ‘ಗ್ರೂಪ್ 2’ ಎಂದು ಒಡೆಯುವುದೇ ದಾರಿ. ಒಂದರಲ್ಲಿ ಬಂದ ಪೋಸ್ಟರನ್ನು ಇನ್ನೊಂದಕ್ಕೆ ಸಾಗಿಸುವವನಿಗೆ ಸಂಘದ ಕಾರ್ಯದರ್ಶಿಯಷ್ಟೇ ಕೆಲಸ. ಟೆಲಿಗ್ರಾಮ್ ಒಂದು ಗ್ರೂಪಿಗೆ ಎರಡು ಲಕ್ಷ ಜನರನ್ನು ಸೇರಿಸುತ್ತದೆ, ಹೊಸದಾಗಿ ಬಂದವನಿಗೆ ಹಳೆಯ ಮಾತುಕತೆಯನ್ನೂ ತೋರಿಸಬಲ್ಲದು. ದೊಡ್ಡ ಫೈಲುಗಳಿಗೂ ಅಲ್ಲಿ ಸಲೀಸು. ಪೈರಸಿ ಅತ್ತ ಹರಿದದ್ದು ಅದಕ್ಕೇ. ತನ್ನ ನಾಯಕನ ಚಿತ್ರದ ಕಳ್ಳಪ್ರತಿಯ ಲಿಂಕ್ ಕಂಡರೆ ಉರಿದುಬೀಳುವ ಅಭಿಮಾನಿ ಎದುರು ಬಣದ ನಾಯಕನ ಲಿಂಕಿಗೆ ಸುಮ್ಮನಿರುತ್ತಾನೆ ಎಂಬುದು ಗುಟ್ಟೇನಲ್ಲ. ಗೇಮ್ ಆಡುವವರಿಗಾಗಿ 2015ರಲ್ಲಿ ಬಂದ ಡಿಸ್ಕಾರ್ಡ್‌ನಲ್ಲಿ ವಿಷಯಕ್ಕೊಂದು ಕೋಣೆ, ಸದಸ್ಯನಿಗೊಂದು ಪದವಿ ಕೊಡಬಹುದು. ಅಚ್ಚುಕಟ್ಟಿನಲ್ಲಿ ಮೂರರಲ್ಲಿ ಅದೇ ಮೇಲು. ಆದರೆ ಬಸ್‌ಸ್ಟಾಂಡಿನಲ್ಲಿ ನಿಂತವನಿಗೆ ಕೋಣೆಗಳೇಕೆ?

ಗಡಿಯ ಗ್ರೂಪಿನ ನಿಜವಾದ ತೊಡಕು ಸಂಖ್ಯೆಯದ್ದಲ್ಲ, ಅಕ್ಷರದ್ದು. ಕನ್ನಡ ಲಿಪಿಯಲ್ಲಿ ಬರೆದರೆ ತೆಲುಗು ಓದಿದವನು ತಡವರಿಸುತ್ತಾನೆ. ತೆಲುಗಿನಲ್ಲಿ ಬರೆದರೆ ಗೌರಿಬಿದನೂರಿನವನಿಗೆ ಅದೇ ಪಾಡು. ಎರಡಕ್ಕೂ ತಾಯಿಬೇರು ಒಂದೇ ಹಳೆಯ ಲಿಪಿ ಎಂದು ಶಾಸನತಜ್ಞರು ಹೇಳುವುದು ಸರಿ, ಆದರೆ ಕೀಬೋರ್ಡಿಗೆ ಆ ನಂಟು ತಿಳಿಯದು. ಹಾಗಾಗಿ ಇಬ್ಬರೂ ರೋಮನ್ ಅಕ್ಷರಕ್ಕೆ ಶರಣಾಗುತ್ತಾರೆ. ಬಿ, ಇ, ಎಲ್, ಇ ಎಂದು ಒತ್ತಿದರೆ ಅದು ಬೆಲೆಯೂ ಹೌದು, ಬೆಳೆಯೂ ಹೌದು, ಬೇಳೆಯೂ ಹೌದು. ಟಿಕೆಟಿನ ವಿಚಾರ ನಡೆಯುತ್ತಿದ್ದರೆ ಬೆಲೆ ಎಂದು ಓದಿಕೊಳ್ಳಬೇಕು, ಅಷ್ಟೆ. ಹ್ರಸ್ವ ದೀರ್ಘ, ನ ಣ, ಲ ಳಗಳ ಗೊಡವೆಯಿಲ್ಲದ ಈ ಬರವಣಿಗೆಯನ್ನು ಭಾಷೆಯ ಅವನತಿ ಎಂದು ಗೊಣಗುವವರಿದ್ದಾರೆ. ಎರಡು ಲಿಪಿಗಳ ನಡುವಿನ ಬಾಡಿಗೆ ಮನೆ ಎಂದು ನೋಡುವುದು ಹೆಚ್ಚು ನ್ಯಾಯ.

ಬಾಡಿಗೆ ಮನೆಯೂ ಬೇಡವೆನಿಸಿದಾಗ ಮೈಕ್ ಗುರುತಿನ ಮೇಲೆ ಹೆಬ್ಬೆರಳು ಊರುತ್ತದೆ. 2013ರಲ್ಲಿ ವಾಟ್ಸಾಪ್‌ಗೆ ಬಂದ ಈ ವಾಯ್ಸ್ ಮೆಸೇಜ್ ಸೌಲಭ್ಯ ಗಡಿಯ ಕನ್ನಡಿಗನ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಓದು ಬರಹದಲ್ಲಿ ಕನ್ನಡವೇ ಇಲ್ಲದವನು ಮನೆಯಲ್ಲಿ ಆಡಿದಂತೆಯೇ ಇಲ್ಲಿ ಆಡಬಹುದು. ವಾಕ್ಯ ಕನ್ನಡದಲ್ಲಿ ಎದ್ದು ತೆಲುಗಿನಲ್ಲಿ ಕೂತರೂ ಗ್ರೂಪಿನಲ್ಲಿ ಯಾರೂ ತಿದ್ದುವುದಿಲ್ಲ. ಬೋರ್ಡಿನಲ್ಲೂ ಪೋಸ್ಟರಿನಲ್ಲೂ ಕಾಣದ ಕನ್ನಡ ಈ ಧ್ವನಿ ತುಣುಕುಗಳಲ್ಲಿ ಜೀವಂತ.

ಚಿತ್ರ ಮಾತ್ರ ಬೇರೆ ಬಾಗಿಲಿನಿಂದ ಬರುತ್ತದೆ. 2018ರ ಡಿಸೆಂಬರ್ 21ರಂದು ‘ಕೆಜಿಎಫ್’ ಕನ್ನಡದ ಜೊತೆಗೆ ತೆಲುಗಿನಲ್ಲೂ ತೆರೆಕಂಡಿತು; ಗಡಿಯಾಚೆಯ ಕನ್ನಡದ ಕಿವಿ ಯಶ್ ಬಾಯಲ್ಲಿ ತೆಲುಗು ಕೇಳಿತು. ‘ಕಾಂತಾರ’ ಇನ್ನೂ ಸ್ವಾರಸ್ಯದ ಪ್ರಕರಣ. ಕನ್ನಡದಲ್ಲಿ 2022ರ ಸೆಪ್ಟೆಂಬರ್ 30ಕ್ಕೆ, ತೆಲುಗಿನಲ್ಲಿ ಅಕ್ಟೋಬರ್ 15ಕ್ಕೆ. ನಡುವಿನ ಆ ಹದಿನೈದು ದಿನ ಕರ್ನಾಟಕದ ಕಡೆಯವರು ಚಿತ್ರ ನೋಡಿಯಾಗಿತ್ತು, ಆಂಧ್ರದ ಕಡೆಯವರು ಡಬ್ಬಿಂಗ್‌ಗೆ ಕಾಯಬೇಕಿತ್ತು, ಇಲ್ಲವೇ ಗಡಿ ದಾಟಬೇಕಿತ್ತು. ಒಂದೇ ಗ್ರೂಪಿನಲ್ಲಿ ನೋಡಿದವರೂ ನೋಡದವರೂ ಇದ್ದಾಗ ‘ಕ್ಲೈಮ್ಯಾಕ್ಸ್ ಹೇಳ್ಬೇಡ’ ಎಂಬುದು ಶಿಷ್ಟಾಚಾರದ ಮೊದಲ ನಿಯಮವಾಗುತ್ತದೆ. ರಾಜ್ಯದ ಗಡಿ ಇಲ್ಲಿ ಕಾಣಿಸುವುದು ಬಿಡುಗಡೆಯ ದಿನಾಂಕವಾಗಿ.

ಈ ಮಾತುಕತೆಯಲ್ಲಿ ಹೆಣ್ಣುಮಕ್ಕಳ ದನಿ ಅಪರೂಪ, ಅದಕ್ಕೆ ವೇದಿಕೆಯ ರಚನೆಯೂ ಕಾರಣ. ವಾಟ್ಸಾಪ್ ಗ್ರೂಪಿಗೆ ಸೇರುವುದೆಂದರೆ ಪರಿಚಯವೇ ಇಲ್ಲದ ನೂರಾರು ಜನರ ಮುಂದೆ ಸ್ವಂತ ನಂಬರ್ ಇಟ್ಟಂತೆ. ಟೆಲಿಗ್ರಾಮಿನಲ್ಲಿ ನಂಬರ್ ಮರೆಮಾಡಬಹುದು. 2023ರಲ್ಲಿ ಬಂದ ವಾಟ್ಸಾಪ್ ಚಾನೆಲ್ ಕೂಡ ನಂಬರ್ ಮುಚ್ಚಿಡುತ್ತದೆ, ಆದರೆ ಅಲ್ಲಿ ಬಾಯಿಯೂ ಮುಚ್ಚಿರುತ್ತದೆ: ಎಮೋಜಿ ಒತ್ತಬಹುದು, ವೋಟು ಹಾಕಬಹುದು, ಮಾತಾಡುವಂತಿಲ್ಲ.

ಹೊಣೆಯ ಪ್ರಶ್ನೆಗೆ ಉತ್ತರ ಇನ್ನೂ ಹದಕ್ಕೆ ಬಂದಿಲ್ಲ. ಹಳೆಯ ಸಂಘಕ್ಕೆ ಅಧ್ಯಕ್ಷ, ವಿಳಾಸ, ಸೀಲು ಇರುತ್ತಿದ್ದವು. ಗಲಾಟೆಯಾದರೆ ಪೊಲೀಸರಿಗೆ ಯಾರನ್ನು ಕರೆಸಬೇಕೆಂದು ಗೊತ್ತಿತ್ತು. ಗ್ರೂಪಿಗಿರುವುದು ಅಡ್ಮಿನ್ ಮಾತ್ರ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಹೈದರಾಬಾದಿನ ಯುವಕನೊಬ್ಬ ಬಲಿಯಾದಾಗ ಬಂಧಿತರಲ್ಲಿ ಗ್ರೂಪ್ ಅಡ್ಮಿನ್ನೂ ಇದ್ದ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಘೋಷಿಸಿತು. ಇತ್ತ 2022ರಲ್ಲಿ ಕೇರಳ ಹೈಕೋರ್ಟು, ಸದಸ್ಯ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಹೊಣೆಯಾಗುವುದಿಲ್ಲ ಎಂದಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಾದ ತೀರ್ಪೇ. ಆದರೆ ಗುಂಪು ಪರದೆಯಿಂದ ಬೀದಿಗಿಳಿದಾಗ ಮುಂದೆ ನಿಲ್ಲುವವರು ಯಾರು? 2025ರ ಜೂನ್ 4ರಂದು ಆರ್‌ಸಿಬಿ ಗೆಲುವಿನ ಸಂಭ್ರಮಕ್ಕೆ ಬೆಳಗ್ಗೆ ಸಾಮಾಜಿಕ ಜಾಲತಾಣದಲ್ಲಿ ಹೊರಟ ಕರೆ ಸಂಜೆಯೊಳಗೆ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಾಂತರ ಜನರನ್ನು ಸೇರಿಸಿತು. ಕಾಲ್ತುಳಿತದಲ್ಲಿ 11 ಜನ ಸತ್ತರು. ಜನ ಸೇರಿಸಲು ಹಿಂದೆ ವಾರಗಟ್ಟಲೆ ಗೋಡೆಗೆ ಪೋಸ್ಟರ್ ಮೆತ್ತಬೇಕಿತ್ತು. ಆ ನಿಧಾನದಲ್ಲೇ ಬಂದೋಬಸ್ತಿಗೂ ವೇಳೆ ಸಿಗುತ್ತಿತ್ತು.

ಸಂಶೋಧಕನಿಗೆ ಇನ್ನೊಂದು ಕಷ್ಟ ಕಾದಿದೆ. ಸಂಘಗಳ ಕಾಲದ ಕರಪತ್ರ, ನೂರನೇ ದಿನದ ಸ್ಮರಣಸಂಚಿಕೆಗಳು ಯಾರದೋ ಅಟ್ಟದ ಮೇಲಾದರೂ ಉಳಿಯುತ್ತವೆ. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಪೂರ್ತಿ ಮುಚ್ಚಿತು, ಆರ್ಕುಟ್ ಅದಕ್ಕೂ ಮೊದಲೇ, 2014ರಲ್ಲಿ. ಹಿಂದೂಪುರದ ಗ್ರೂಪಿನ ದಾಖಲೆ ಇರುವುದು ಸದಸ್ಯರ ಫೋನುಗಳಲ್ಲಿ ಮಾತ್ರ. ‘ಸ್ಟೋರೇಜ್ ಫುಲ್’ ಎಂದು ಫೋನು ಗೋಗರೆದಾಗ ನಾಯಕನ ಪೋಸ್ಟರನ್ನು ಅಳಿಸಲು ಯಾರಿಗೂ ಮನಸ್ಸು ಬಾರದು. ಬೆರಳು ಹೋಗುವುದು ಒಮ್ಮೆ ಕೇಳಿ ಮುಗಿಸಿದ ವಾಯ್ಸ್ ಮೆಸೇಜುಗಳ ಕಡೆಗೆ. ಆ ಊರಿನ ಕನ್ನಡ ಇದ್ದದ್ದು ಅವುಗಳಲ್ಲೇ.